ಹೊಟ್ಟೆಯಿಂದ ಬೆರಳಿಗೆ ಒಂದು ಪೈಪ್‌ಲೈನು

ಭಗವಂತನು ಮನುಷ್ಯನ ದೇಹವನ್ನು ಕಟ್ಟುವುದಕ್ಕೆ ಮುಂಚೆ ಒಂದು ಸಲ ಹೆತ್ತೂರು ಹೋಬಳಿಗೆ ಬಂದು, ಇಲ್ಲಿನ ಕಾಫಿ ತೋಟಗಳ ಪೈಪ್‌ಲೈನುಗಳನ್ನು ನೋಡಿಕೊಂಡು ಹೋಗಬೇಕಿತ್ತು ಎಂಬುದು ನನ್ನ ಸೋದರಮಾವನವರ ಖಚಿತ ಅಭಿಪ್ರಾಯ. ಬಂದು ನೋಡಿದ್ದರೆ ಎರಡು ತಪ್ಪುಗಳು ತಪ್ಪುತ್ತಿದ್ದವಂತೆ. ಒಂದು, ಕತ್ತಿನ ಬುಡದಲ್ಲಿ ಗೇಟ್‌ವಾಲ್ವ್ ಇಡದೆ ಬಿಟ್ಟದ್ದು. ಇನ್ನೊಂದು, ಮೊಣಕಾಲಿನ ಹತ್ತಿರ ಗಾಳಿ ಬಿಡುವುದಕ್ಕೆ ಒಂದು ಸಣ್ಣ ತೂತನ್ನಾದರೂ ಕೊಡದೆ ಹೋದದ್ದು! ಇದನ್ನು ಅವರು ತಮಾಷೆಗೆ ಹೇಳುತ್ತಾರೆಂದು ತಾವು ಭಾವಿಸಬಾರದು. ಸೃಷ್ಟಿಕರ್ತನ ಮೇಲೆ ಅವರಿಗೆ ಅಪಾರ ಗೌರವವಿದೆ. ಒಳ್ಳೆಯ ಕೆಲಸಗಾರ, ಆದರೆ ಸ್ಥಳಪರಿಶೀಲನೆ ಸಾಲದು ಎಂಬಷ್ಟೇ ಅವರ ದೂರು.

ಮಾವ ಇಂಜಿನಿಯರರಲ್ಲ. ಹೆತ್ತೂರಿನ ಆಚೆ, ಗುಡ್ಡದ ಇಳಿಜಾರಿನಲ್ಲಿ ಸಣ್ಣದೊಂದು ಕಾಫಿ ತೋಟ ಇಟ್ಟುಕೊಂಡಿರುವ ಬೆಳೆಗಾರರು. ಗುಡ್ಡದ ನೆತ್ತಿಯಲ್ಲಿ ಒಂದು ಒರತೆ ಇದೆ. ಅಲ್ಲಿಂದ ಒಂದು ಸಿಮೆಂಟಿನ ತೊಟ್ಟಿಗೆ, ತೊಟ್ಟಿಯಿಂದ ಕೆಳಗಿನ ಮನೆಗಳಿಗೆ ಕರಿಯ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ. ಮೋಟಾರು ಬೇಡ, ಕರೆಂಟು ಬೇಡ. ಇದಕ್ಕೆ ನಮ್ಮ ಕಡೆ ಗ್ರಾವಿಟಿ ನೀರು ಎನ್ನುತ್ತಾರೆ. ಆ ಗ್ರಾವಿಟಿಗೆ ಮಾವನೇ ಅಧಿಪತಿ, ಯಾರೂ ನೇಮಿಸದ, ಯಾರೂ ಇಳಿಸಲಾಗದ ಅಧಿಪತಿ. ಯಾರ ಮನೆಯ ನಲ್ಲಿ ನಿಂತರೂ ಅವರಿಗೆ ಕರೆ ಬರುತ್ತದೆ. ಅವರು ಹೋಗಿ, ಡಾಕ್ಟರು ಎದೆ ನೋಡುವ ಗಾಂಭೀರ್ಯದಲ್ಲಿ ಪೈಪಿಗೆ ಕಿವಿ ಇಟ್ಟು, ಒಂದು ಕೋಲಿನಿಂದ ಅಲ್ಲಲ್ಲಿ ತಟ್ಟುತ್ತ ನಡೆಯುತ್ತಾರೆ. ಒಂದು ಕಡೆ ನಿಂತು "ಇಲ್ಲಿ ಗಾಳಿ ಹಿಡ್ಕಂಡೈತೆ" ಎಂದು ಜೋಡಣೆಯನ್ನು ಸಡಿಲಿಸುತ್ತಾರೆ. ಪುಸ್ಸೆಂದು ಗಾಳಿ ಹೋಗಿ, ಹಿಂದೆಯೇ ನೀರು ಧಾವಿಸುತ್ತದೆ. ಇಷ್ಟು ವರ್ಷಗಳಲ್ಲಿ ಅವರ ಕಿವಿ ಒಮ್ಮೆಯೂ ತಪ್ಪಿಲ್ಲ. ಅವರದೇ ಬಚ್ಚಲಿನ ನಲ್ಲಿ ನಾನು ಲಂಗ ತೊಡುತ್ತಿದ್ದ ಕಾಲದಿಂದಲೂ ತೊಟ್ಟಿಕ್ಕುತ್ತಿದೆಯಲ್ಲ ಎಂದು ಕೇಳಬೇಡಿ. ಅದನ್ನು ಕೇಳುವ ಹಕ್ಕು ಅತ್ತೆಗೆ ಮಾತ್ರ ಸೇರಿದ್ದು, ಅವರು ಅದನ್ನು ದಿನವೂ ಚಲಾಯಿಸುತ್ತಾರೆ.

ಹೊಂಗಡಹಳ್ಳದಲ್ಲಿ ನಮ್ಮ ನೆಂಟರ ಮದುವೆ ನಡೆದಾಗ, ಸರಿಯಾಗಿ ಧಾರೆಯ ಹೊತ್ತಿಗೆ ಮಾವ ಕಾಣೆಯಾದರು. ವಧುವಿನ ಹತ್ತಿರದ ಬಂಧು, ಅಕ್ಷತೆ ಹಾಕಬೇಕಾದವರು! ಹುಡುಕಿದರೆ, ಊಟದ ಚಪ್ಪರದ ಪಕ್ಕದಲ್ಲಿ ಕೈ ತೊಳೆಯುವ ನಲ್ಲಿಗಳ ಕೆಳಗೆ ರೇಷ್ಮೆ ಪಂಚೆಯಲ್ಲಿ ಅಂಗಾತ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದರು. ಮದುವೆಯ ಆಲ್ಬಮ್ಮಿನಲ್ಲಿ ಅವರ ಚಿತ್ರ ಒಂದೇ ಒಂದು ಇದೆ. ಅದರಲ್ಲಿ ಪಾದಗಳು ಮಾತ್ರ ಕಾಣುತ್ತವೆ.

ಇಂಥವರೊಡನೆ ವಾದ ಮಾಡುವುದೆಂದರೇನು ಎಂಬುದನ್ನು ತಾವೇ ಊಹಿಸಬೇಕು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ವಿಷಯ ಮಂಡನೆ, ಆಧಾರ, ಎದುರು ಪಕ್ಷದ ಖಂಡನೆ, ಉಪಸಂಹಾರ: ಈ ನಾಲ್ಕು ಮೆಟ್ಟಿಲುಗಳನ್ನು ಹತ್ತಿಸಿದರೆ ಎಂಥ ಮನುಷ್ಯನೂ ವಿವೇಕದ ಜಗಲಿಗೆ ಬಂದು ಕೂರುತ್ತಾನೆ ಎಂದು ನಂಬಿದವಳು. ಈಗಲೂ ಆಲೂರಿನಲ್ಲಿ ಕೆಲವು ಗೆಳತಿಯರೊಡನೆ ಸೇರಿ, ಆರೋಗ್ಯದ ವಿಚಾರದಲ್ಲಿ ಜನರಿಗೆ ತಿಳಿವಳಿಕೆ ಹೇಳುವ ಒಂದು ಬಳಗವನ್ನು ನಡೆಸುತ್ತಿದ್ದೇನೆ. ಪಾಳ್ಯದಲ್ಲಿ, ಸುತ್ತಲ ಹಳ್ಳಿಗಳಲ್ಲಿ ನಮ್ಮ ಮಾತನ್ನು ಜನ ಶಾಂತವಾಗಿ ಕೇಳುತ್ತಾರೆ, ಕಾಫಿ ಕೊಡುತ್ತಾರೆ. ಮಾವ ಕಾಫಿಯನ್ನು ಮಾತ್ರ ಕೊಡುತ್ತಾರೆ.

ವಾದಕ್ಕೆ ಕಾರಣವಾದದ್ದು ಅತ್ತೆಯ ಬೆರಳುಗಳು. ಮೆಣಸಿನ ಬಳ್ಳಿಯನ್ನು ಮರಕ್ಕೆ ತಬ್ಬಿಸಿ ಕಟ್ಟುವುದರಲ್ಲಿ ಅತ್ತೆಯಷ್ಟು ಚುರುಕು ಕೈ ನಮ್ಮ ಕಡೆ ಇರಲಿಲ್ಲ. ಮೊದಲು ಬೆಳಗಿನ ಹೊತ್ತು ಬೆರಳುಗಳು ಬಿಗಿದುಕೊಳ್ಳುತ್ತವೆ ಎಂದರು. ಆಮೇಲೆ ಗೆಣ್ಣುಗಳು ಊದಿಕೊಂಡವು. ಬರಬರುತ್ತ ಮುಷ್ಟಿ ಕಟ್ಟುವುದೇ ನಿಂತುಹೋಯಿತು. ಕಾಫಿಯ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುವ ಸ್ಥಿತಿಗೆ ಬಂದರು. ಹಾಸನದಲ್ಲಿ ಕೀಲುಗಳ ತಜ್ಞೆಯೊಬ್ಬರು ರಕ್ತ, ಎಕ್ಸ್‌ರೇ ಎಲ್ಲ ನೋಡಿ, ಬರಿಯ ಮಾತ್ರೆಗಳಿಂದ ಇದು ಹಿಡಿತಕ್ಕೆ ಬರುತ್ತಿಲ್ಲ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಕೀಲಿನ ಒಳಪೊರೆಯನ್ನು ಶತ್ರುವೆಂದು ತಿಳಿದು ಅದರ ಮೇಲೆ ಬೀಳುವ ಬಗೆಯ ಸಂಧಿವಾತ ಇದು. ಈಗಲೇ ತಡೆಯದಿದ್ದರೆ ಬೆರಳುಗಳು ಸೊಟ್ಟಗಾಗಿ, ಹಾಗೆಯೇ ನಿಂತುಬಿಡುತ್ತವೆ, ಮತ್ತೆ ನೇರವಾಗುವುದಿಲ್ಲ. ವಾರಕ್ಕೊಂದು ಸೂಜಿ, ಹೊಟ್ಟೆಯ ಚರ್ಮದ ಕೆಳಗೆ, ಮನೆಯಲ್ಲೇ ಹಾಕಿಕೊಳ್ಳಬಹುದು ಎಂದರು.

ಅತ್ತೆ ತಲೆ ತಗ್ಗಿಸಿ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಮಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರ ತೋಳು ಹಿಡಿದೆಳೆಯಲು ನಾನು ಕೈ ಚಾಚಿದೆ.

"ಡಾಕ್ಟ್ರಮ್ಮ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕಬೇಡಿ. ನೋವಿರೋದು ಇವ್ಳ ಬೆರಳಾಗೆ. ನೀವು ಸೂಜಿ ಹಾಕಿ ಅಂತಿರೋದು ಹೊಟ್ಟೆಗೆ. ನೀರು ಬರ್ದೆ ಇರೋದು ಹೊಂಗಡಹಳ್ಳದಾಗೆ, ನೀವು ಮೋಟ್ರು ಇಡ್ತಿರೋದು ಪಾಳ್ಯದಾಗೆ. ಇದು ಸರಿ ಹೋಯ್ತದಾ?"

ಡಾಕ್ಟರಮ್ಮ ನಕ್ಕರು. "ಯಜಮಾನ್ರೇ, ಹೊಟ್ಟೆಯ ಚರ್ಮದ ಕೆಳಗೆ ಮೆತ್ತಗಿನ ಕೊಬ್ಬಿದೆ. ಅಲ್ಲಿ ಹಾಕಿದ ಔಷಧಿ ಸಣ್ಣ ಸಣ್ಣ ನಾಳಗಳೊಳಕ್ಕೆ ನಿಧಾನವಾಗಿ ಇಂಗುತ್ತೆ. ಅಲ್ಲಿಂದ ರಕ್ತಕ್ಕೆ ಸೇರುತ್ತೆ. ರಕ್ತ ಮೈಯೆಲ್ಲ ಸುತ್ತುತ್ತೆ. ಔಷಧಿಗೆ ಬೆರಳಿನ ವಿಳಾಸ ಗೊತ್ತಿರಬೇಕಾಗಿಲ್ಲ."

"ವಿಳಾಸ ಗೊತ್ತಿಲ್ದೆ ಹೊಂಟಿದ್ದು ಊರು ಸೇರ್ತದಾ?"

"ಸೇರುತ್ತೆ. ಊತ ಇರೋ ಕೀಲಿನ ಸುತ್ತ ರಕ್ತನಾಳಗಳು ಸಡಿಲವಾಗಿರುತ್ತವೆ. ಹಾಗಾಗಿ ಬೇರೆ ಕಡೆಗಿಂತ ಅಲ್ಲಿ ಔಷಧಿ ಹೆಚ್ಚಾಗಿ ಹೊರಗೆ ಸೋರುತ್ತೆ. ಊತವನ್ನ ಎಬ್ಬಿಸೋ ವಸ್ತು ಅಲ್ಲೇ ತುಂಬಿರುತ್ತೆ, ಔಷಧಿ ಅದನ್ನ ಹಿಡಿದು ಕಟ್ಟಿಹಾಕುತ್ತೆ."

ಮಾವನ ಮುಖದಲ್ಲಿ ಬೆಳಕು ಮೂಡಿತು. "ಲೀಕೇಜು," ಎಂದರು. "ಹಂಗೆ ಹೇಳಿ ಮತ್ತೆ. ಲೀಕೇಜ್ ಎಲ್ಲೈತೋ ಅಲ್ಲೇ ನೆಲ ನೆನೆಯೋದು."

ಪ್ರತಿ ಸಲವೂ ಸೂಜಿ ಹಾಕುವ ಜಾಗವನ್ನು ಬದಲಾಯಿಸಬೇಕೆಂದು ಡಾಕ್ಟರಮ್ಮ ಹೇಳಿದಾಗಲಂತೂ ಮಾವ ಅವರನ್ನು ಮನಸಾರೆ ಒಪ್ಪಿಕೊಂಡರು. ತೋಟದಲ್ಲಿ ಸ್ಪ್ರಿಂಕ್ಲರಿನ ಜೆಟ್ಟನ್ನು ಒಂದೇ ಕಡೆ ನಿಲ್ಲಿಸಿದರೆ ಆಗುತ್ತದೆಯೇ? ಜಾಗ ಬದಲಿಸುತ್ತಲೇ ಇರಬೇಕು. ಹೊರಗೆ ಬಂದ ಮೇಲೆ, "ಈಯಮ್ಮನ ಮನೆ ಕಡೆ ತೋಟ ಐತೆ ಕಣವ್ವ. ಇಲ್ದಿದ್ರೆ ಶಿಫ್ಟಿಂಗ್ ವಿಷ್ಯ ಎಂಗೆ ಗೊತ್ತಾಗ್ತಿತ್ತು?" ಎಂದು ನನಗೆ ಗುಟ್ಟಾಗಿ ಹೇಳಿದರು.

ಸೂಜಿ ಹಾಕುವ ಕೆಲಸವನ್ನು ಆಸ್ಪತ್ರೆಯ ನರ್ಸಮ್ಮ ಮಾವನಿಗೇ ಕಲಿಸಿಕೊಟ್ಟರು. ಅಭ್ಯಾಸಕ್ಕೆಂದು ಅವರು ಒಂದು ಖಾಲಿ ಸಿರಿಂಜನ್ನು ಕೇಳಿ ತಂದು, ನೀರು ತುಂಬಿ, ಅಡಿಗೆಮನೆಯ ಸೌತೆಕಾಯಿಗಳಿಗೆ ಚುಚ್ಚತೊಡಗಿದರು. ನರ್ಸಮ್ಮ ತೋರಿಸಿದಂತೆ ಎರಡು ಬೆರಳಲ್ಲಿ ಸೌತೆಕಾಯಿಯ ಸಿಪ್ಪೆಯನ್ನು ಚಿವುಟಿ ಎತ್ತಲು ನೋಡುವರು, ಅದು ಎಲ್ಲಿ ಬರಬೇಕು? ಆ ಭಾನುವಾರ ನಾನು ಊಟಕ್ಕೆ ಕೂತಾಗ ಅತ್ತೆ ಸಾರು ಬಡಿಸುತ್ತ, "ಭಯ ಇಲ್ದೆ ಉಣ್ಣು ಮಗಾ. ನಮ್ಮನೆ ಸೌತೆಕಾಯಿಗೆಲ್ಲ ಕೀಲುನೋವು ವಾಸಿಯಾಗೈತೆ," ಎಂದರು. ಸೌಟನ್ನು ಅವರು ಮುಂಗೈಗೆ ಒರಗಿಸಿ ಹಿಡಿದಿದ್ದರು.

ಮೊದಲ ಸೂಜಿಯ ದಿನ ಬಂದಿತು. ನಾನು ಆಲೂರಿನಿಂದ ಬೆಳಗಿನ ಬಸ್ಸಿಗೇ ಹೊರಟು ಬಂದೆ. ಫ್ರಿಜ್ಜಿನಿಂದ ತೆಗೆದ ಸೂಜಿಮದ್ದು ತಾನಾಗಿ ಸ್ವಲ್ಪ ಬೆಚ್ಚಗಾಗುವವರೆಗೆ ಕಾಯಬೇಕೆಂದು ನರ್ಸಮ್ಮ ಹೇಳಿದ್ದರು. ಮೇಜಿನ ಮೇಲಿಟ್ಟು ಸುಮ್ಮನಿರಿ ಎಂದೇ ಅದರ ಅರ್ಥ. ಮಾವ ಮಾತ್ರ ಅದರ ಎದುರಿಗೆ ಕುರ್ಚಿ ಹಾಕಿಕೊಂಡು, ಮರಿ ಹೊರಬರುವುದನ್ನು ಕಾಯುವ ಕೋಳಿಯ ತನ್ಮಯತೆಯಲ್ಲಿ ಕೂತಿದ್ದರು. ಅತ್ತೆಯ ಕಡೆ ನೋಡಿದೆ. ಅವರ ಎರಡು ತೊಡೆಗಳಿಗೂ ಒಂದೊಂದು ಟವೆಲ್ಲು ಕಟ್ಟಿದೆ. ಕತ್ತಿನ ಸುತ್ತ ಇನ್ನೊಂದು!

"ಮಾವ, ಇದೇನಿದು?"

"ವಾಲ್ವು. ಕಾಲಿನ ಲೈನು ಬಂದ್ ಮಾಡಿದೀನಿ. ಕತ್ತಿಂದೂ ಬಂದ್. ಈಗ ಬಂದಿದ್ದೆಲ್ಲ ಪೂರ್ತಿ ಪ್ರೆಶರ್‌ನಾಗೆ ಕೈಗೇ ಹೋಗ್ಬೇಕು."

ಟವೆಲ್ಲಿನಿಂದ ರಕ್ತ ಸಂಚಾರ ನಿಲ್ಲುವುದಿಲ್ಲ, ನಿಲ್ಲುವಷ್ಟು ಬಿಗಿದರೆ ಮನುಷ್ಯರೇ ನಿಂತುಹೋಗುತ್ತಾರೆ ಎಂದು ನಾನು ಆಧಾರಸಹಿತ ವಿವರಿಸಿದೆ. ಅವರು ಜಗ್ಗಲಿಲ್ಲ. "ಸಡಿಲವಾಗೇ ಕಟ್ಟಿದೀನಿ. ತಲೆಗೆ ಯಾಕೆ ಸುಮ್ನೆ ಹೋಗ್ಬೇಕು ಅಂತ. ಇವ್ಳ ತಲೆ ಏನೂ ನೋಯ್ತಿಲ್ವಲ್ಲ."

"ನೋಯ್ತಿಲ್ಲ ಅಂತ ಯಾರಂದ್ರು?" ಎಂದರು ಅತ್ತೆ. "ನಿಮ್ಮನ್ನ ಕಟ್ಕಂಡ ದಿನದಿಂದ ನೋಯ್ತಾನೇ ಐತೆ. ಆ ವಾಲ್ವು ಬಿಚ್ರಿ ಮಾರಾಯ್ರೆ, ಅಲ್ಲಿಗೂ ಒಂಚೂರು ಹೋಗ್ಲಿ."

ಕತ್ತಿನ ಟವೆಲ್ಲು ಬಿಚ್ಚಿತು. ಸೂಜಿಯೂ ಆಯಿತು. ಸೌತೆಕಾಯಿಗಳ ತ್ಯಾಗ ವ್ಯರ್ಥವಾಗಿರಲಿಲ್ಲ. ಆಮೇಲೆ ಅವರು ಅತ್ತೆಯನ್ನು ಕರೆದುಕೊಂಡು ಹೋಗಿ, ಕಾಫಿ ಒಣಗಿಸುವ ಕಣದ ಎತ್ತರದ ಅಂಚಿನಲ್ಲಿ ಎರಡೂ ಕೈಗಳನ್ನು ಇಳಿಬಿಡಿಸಿ ಕೂರಿಸಿದರು. ಗ್ರಾವಿಟಿಗೆ ಅಡ್ಡಿಯಾಗಬಾರದಲ್ಲ! ದಾರಿಯಲ್ಲಿ ಹೋಗುತ್ತಿದ್ದವರು "ಏನಕ್ಕ, ಭಾರೀ ಯೋಚ್ನೆ ಮಾಡ್ತಾ ಕೂತಿದೀಯ?" ಎಂದು ಕೇಳಿದರೆ ಅತ್ತೆ ನಿರ್ವಿಕಾರವಾಗಿ, "ಯೋಚ್ನೆ ಅಲ್ಲ ಕಣಪ್ಪ, ಔಷಧಿ ಇಳೀತಾ ಐತೆ," ಎನ್ನುವರು.

ಅಂದು ಸಂಜೆಯೇ ಮಾವ ಅತ್ತೆಯ ಬೆರಳುಗಳನ್ನು ಪರೀಕ್ಷಿಸಿ, "ಏನೂ ಆಗಿಲ್ವಲ್ಲ," ಎಂದರು. ಇಲ್ಲಿ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಮಾವನೆದುರು ಗೆದ್ದೆನೆಂಬುದನ್ನು ನಮ್ರತೆಯಿಂದ ತಿಳಿಸುತ್ತೇನೆ. ಅವರ ತೋಟಕ್ಕೆ ಆಗ ತಾನೇ ಹೂವಿಗೆಂದು ಸ್ಪ್ರಿಂಕ್ಲರ್ ನೀರು ಕೊಟ್ಟು ಮುಗಿದಿತ್ತು. ನಾನು ಕೇಳಿದೆ: "ಮಾವ, ನೀರು ಕೊಟ್ಟ ದಿನವೇ ಕಾಫಿ ಹೂ ಬಿಡುತ್ತದೆಯೇ?"

"ಅದೆಂಗಾಯ್ತದೆ? ವಾರದ ಮೇಲೆ ಬೇಕು."

"ಅಲ್ಲಿಯವರೆಗೆ ಗಿಡದಲ್ಲಿ ಏನಾದರೂ ಕಾಣುತ್ತದೆಯೇ?"

"ಮೊಗ್ಗು ವಸಿ ದಪ್ಪ ಆಗ್ತದೆ. ಹೊಸಬ್ರಿಗೆ ಕಾಣಾಕಿಲ್ಲ."

"ಔಷಧಿಯೂ ಹಾಗೆಯೇ. ಒಳಗೆ ಕೆಲಸ ನಡೆಯುತ್ತಿರುತ್ತದೆ. ಹೊರಗೆ ಕಾಣುವುದಕ್ಕೆ ಕಾಲ ಬೇಕು."

ಮಾವ ಬಹಳ ಹೊತ್ತು ತಲೆದೂಗಿದರು. ಎದುರಾಳಿ ತಲೆದೂಗುವಾಗ ಮಾತು ನಿಲ್ಲಿಸಬೇಕೆಂಬುದು ಚರ್ಚೆಯ ಮೂಲಸೂತ್ರ. ನಾನು ವಿಜಯೋತ್ಸಾಹದಲ್ಲಿ ಬಸ್ಸು ಹತ್ತಿದೆ. ಆ ಉಪಮೆ ಅವರ ಕೈಯಲ್ಲಿ ಏನಾಗಬಹುದೆಂದು ನನಗೆ ಹೊಳೆಯಲೇ ಇಲ್ಲ.

ಆದದ್ದು ಇಷ್ಟು. ಮುಂದಿನ ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಒಮ್ಮೆಲೇ ಬೆಳ್ಳಗೆ ಅರಳಿತು. ಮಲ್ಲಿಗೆಯಂಥ ಆ ಪರಿಮಳ ರಸ್ತೆಯವರೆಗೂ ಹರಡಿತು. ಮಾವ ಹೂವಿನ ಕಡೆ ತಿರುಗಿಯೂ ನೋಡದೆ ಅತ್ತೆಯ ಮುಂದೆ ಹೋಗಿ ನಿಂತು, "ಎಲ್ಲಿ, ಮುಷ್ಟಿ ಕಟ್ಟು," ಎಂದರಂತೆ. ಅತ್ತೆಯ ಬೆರಳುಗಳು ಅರ್ಧಕ್ಕೇ ನಿಂತವು. ಮಾವ ಡಾಕ್ಟರಮ್ಮನಿಗೆ ಫೋನು ಮಾಡಿ, ತೋಟ ಅರಳಿದೆ, ಹೆಂಡತಿ ಅರಳಿಲ್ಲ ಎಂದು ದೂರು ಕೊಟ್ಟರು. ಇನ್ನೂ ಹಲವು ವಾರ ಕಾಯಬೇಕು ಎಂಬ ಉತ್ತರ ಬಂದಿತು. ಹೂವಿಗೆ ಇಷ್ಟು ಕಾಲ ಹಿಡಿದರೆ ಗಿಡವನ್ನು ಕಿತ್ತು ಹಾಕುತ್ತಾರೆ ಎಂಬುದು ಮಾವನ ಪ್ರತ್ಯುತ್ತರ.

ಅಲ್ಲಿಂದ ಮುಂದೆ ಅವರು ತಮ್ಮ ಸ್ವಂತ ವಿದ್ಯೆಗೆ ಮರಳಿದರು. ಔಷಧಿ ಹೊರಟಿದೆ, ಬೆರಳಿಗೆ ಬಂದಿಲ್ಲ. ಹಾಗಾದರೆ ನಡುವೆ ಎಲ್ಲೋ ಗಾಳಿ ಹಿಡಿದಿರಲೇಬೇಕು! ಒಂದು ಬೆಳಿಗ್ಗೆ ಕೆಳಮನೆಯ ಪುಟ್ಟಮ್ಮಕ್ಕ ಮಜ್ಜಿಗೆ ಕೇಳಲು ಒಳಗೆ ಬಂದಾಗ, ಮಾವ ಅತ್ತೆಯ ಮೊಣಕೈಗೆ ಕಿವಿಯೊತ್ತಿ, ಕಣ್ಣು ಮುಚ್ಚಿ, ಭುಜದ ಕಡೆಗೆ ನಿಧಾನವಾಗಿ ಮೇಲೇರುತ್ತಿದ್ದರು. ಪುಟ್ಟಮ್ಮಕ್ಕ ಖಾಲಿ ಪಾತ್ರೆಯೊಡನೆ ಹಾಗೆಯೇ ಹಿಂದೆ ಸರಿದರು. ಮಧ್ಯಾಹ್ನದೊಳಗೆ ಸುದ್ದಿ ಸಂತೆಯವರೆಗೂ ಹೋಗಿತ್ತು.

"ಈ ವಯಸ್ಸಿನಾಗೆ ನನ್ನ ಮಾನ ಕಳೆದ್ಬುಟ್ರಿ," ಎಂದು ಅತ್ತೆ ಬೈದರು.

"ಏನು ಕಳೀತು? ಕಟ್ಕಂಡ ಹೆಂಡ್ತಿ ಕೈಗೆ ತಾನೆ ಕಿವಿ ಇಟ್ಟಿದ್ದು?"

"ಅದೇ ಕಣ್ರೀ ಜನಕ್ಕೆ ಆಶ್ಚರ್ಯ."

ಇಷ್ಟರವರೆಗೆ ನಾನೂ ನಕ್ಕೆ. ಅದರ ಮುಂದಿನ ಭಾನುವಾರ ಮಾತ್ರ ನಗುವಂತಿರಲಿಲ್ಲ. ನಾನು ಹೋಗುವ ಹೊತ್ತಿಗೆ ಮಾವ ಸೂಜಿಯನ್ನು ಸಿದ್ಧಮಾಡಿಕೊಂಡು, ಅತ್ತೆಯ ಬಲಗೈಯನ್ನು ಮೇಜಿನ ಮೇಲಿನ ದಿಂಬಿನಲ್ಲಿ ಇರಿಸಿಕೊಂಡಿದ್ದರು. ತೋರುಬೆರಳಿನ ಊದಿದ ಗೆಣ್ಣನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಆಗಿತ್ತು.

"ಮಾವ, ಏನು ಮಾಡುತ್ತಿದ್ದೀರಿ?"

"ಡೈರೆಕ್ಟ್ ಲೈನು. ಈ ಹೊಟ್ಟೆ, ರಕ್ತ, ಸುತ್ತು ಬಳಸಿನ ದಾರಿ ಯಾವ್ದೂ ಬ್ಯಾಡ. ಎಲ್ಲಿ ಬೇಕೋ ಅಲ್ಲಿಗೇ ಕೊಟ್ಬುಡ್ತೀನಿ."

ಕೆಲವು ಬಗೆಯ ಮದ್ದನ್ನು ತಜ್ಞರು ಕೀಲಿನೊಳಕ್ಕೇ ಹಾಕುವುದುಂಟು. ಆದರೆ ಇದು ಆ ಮದ್ದಲ್ಲ, ಆ ಸೂಜಿಯಲ್ಲ, ಮಾವ ತಜ್ಞರಂತೂ ಅಲ್ಲವೇ ಅಲ್ಲ. ಕೀಲಿನೊಳಗೆ ಸೋಂಕು ಹೊಕ್ಕರೆ ಇರುವ ಬೆರಳೂ ಹೋಗುತ್ತದೆ. ಅತ್ತೆಯಾದರೂ ತಡೆಯುತ್ತಾರೆಂದು ಅವರ ಮುಖ ನೋಡಿದೆ. ಎಂದೂ ಮಾತಿಗೆ ಸೋಲದ ಅತ್ತೆ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಮೆಲ್ಲಗೆ, "ಎಲ್ಲಿಗಾದ್ರೂ ಹಾಕ್ಲಿ ಬಿಡು ಮಗಾ. ಈ ಬೆರಳು ಮಡಚಂಗಾದ್ರೆ ಸಾಕಾಗೈತೆ," ಎಂದರು.

ಚರ್ಚಾಸ್ಪರ್ಧೆಯಲ್ಲಿ ಸೋತರೆ ಮುಂದಿನ ವರ್ಷ ಮತ್ತೆ ಹೋಗಬಹುದು. ಇಲ್ಲಿ ಆ ಅವಕಾಶವಿರಲಿಲ್ಲ. ನಾಲ್ಕು ಮೆಟ್ಟಿಲುಗಳೂ ಮರೆತುಹೋಗಿ, ಬಾಯಿಗೆ ಬಂದದ್ದನ್ನು ಕೇಳಿದೆ.

"ಮಾವ, ಮೇಲಿನ ತೊಟ್ಟಿಗೆ ಬಣ್ಣ ಸುರಿದರೆ ಯಾರ ಮನೆಯ ನಲ್ಲಿಯಲ್ಲಿ ಬರುತ್ತದೆ?"

"ಎಲ್ಲಾರ ಮನೆಯಾಗೂ ಬರ್ತೈತೆ."

"ಪುಟ್ಟಮ್ಮಕ್ಕನ ನಲ್ಲಿಗೆ ಬಣ್ಣ ಬರಬೇಕಾದರೆ ಅವರ ನಲ್ಲಿಯೊಳಕ್ಕೇ ಹೋಗಿ ಸುರಿಯಬೇಕೇನು?"

"ಯಾಕೆ ಸುರೀಬೇಕು? ತೊಟ್ಟೀಗೆ ಹಾಕಿದ್ರಾಯ್ತು, ಅದೇ…" ಮಾತು ಅರ್ಧಕ್ಕೆ ನಿಂತಿತು. ಸೂಜಿ ಹಿಡಿದ ಕೈಯೂ ನಿಂತಿತು.

"ರಕ್ತವೇ ತೊಟ್ಟಿಯ ನೀರು, ಮಾವ. ಹೊಟ್ಟೆಗೆ ಹಾಕುವುದೆಂದರೆ ತೊಟ್ಟಿಗೆ ಸೇರಿಸಿದಂತೆ."

ಅವರು ಸೂಜಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದರು. ಒಪ್ಪಿಕೊಂಡರು, ಕಣ್ಣೀರು ಮರೆಮಾಚಲು ಹೊರಗೆ ಹೋದರು ಎಂದೇ ನಾನು ಭಾವಿಸಿದೆ. ಎಂಥ ಮುಗ್ಧೆ ನಾನು! ಆ ಮನುಷ್ಯ ಎಂದಾದರೂ ಪರೀಕ್ಷಿಸದೆ ಏನನ್ನಾದರೂ ಒಪ್ಪಿದ್ದುಂಟೇ? ಸ್ವಲ್ಪ ಹೊತ್ತಿನ ಮೇಲೆ ಬಚ್ಚಲಿಗೆ ಹೋಗಿ ನೋಡಿದರೆ, ಬಿಳಿ ಬಟ್ಟೆಗೆ ಹಾಕುವ ನೀಲಿಯ ಸೀಸೆ ಅಲ್ಲಿರಲಿಲ್ಲ.

ಮೊದಲು ಕೂಗು ಕೇಳಿಸಿದ್ದು ಪುಟ್ಟಮ್ಮಕ್ಕನ ಮನೆಯಿಂದ. ಅವರು ಇಡ್ಲಿಯ ಹಿಟ್ಟಿಗೆ ನೀರು ಬೆರೆಸಿದ್ದರು. ಅದರ ಕೆಳಗಿನ ಮನೆಯ ಗೃಹಸ್ಥರು ಪೂಜೆಗೆ ಕೂರಲೆಂದು ಸ್ನಾನ ಮಾಡಿ, ಮೈ ಒರೆಸಿದ ಟವೆಲ್ಲನ್ನು ಕೈಯಲ್ಲಿ ಹಿಡಿದು ಹಾಗೆಯೇ ಅಂಗಳಕ್ಕೆ ಬಂದಿದ್ದರು. ಒಂದು ಕರು ಬಾನಿಯ ನೀರನ್ನು ನೋಡಿ ಹಿಂದಕ್ಕೆ ಹಾರಿತಂತೆ. ಎಲ್ಲರೂ ಗುಂಪು ಕಟ್ಟಿಕೊಂಡು ಮಾವನ ಅಂಗಳಕ್ಕೆ ಏರಿ ಬರುವಾಗ, ಮಾವ ಗುಡ್ಡದಿಂದ ಓಡೋಡಿ ಇಳಿದು ಬರುತ್ತಿದ್ದರು. ಕ್ಷಮೆ ಕೇಳುವುದಕ್ಕಲ್ಲ.

"ಪುಟ್ಟಮ್ಮ, ನಿಮ್ಮನೆಗೆ ಬಂತಾ? ಅಡಿಗೆಮನೆಯಾಗಾ, ಬಚ್ಚಲಾಗಾ?"

"ಎರಡು ಕಡೆಗೂ ಬಂತು! ಇಡ್ಲಿ ನೋಡ್ರಿ ಬಂದು, ನವಿಲು ಗರಿ ಆಗ್ಬುಟ್ಟೈತೆ."

"ಕೊಟ್ಟಿಗೆ ನಲ್ಲಿಗೂ ಬಂತಾ? ಅದು ತುದಿಯಾಗೈತೆ."

"ಅಲ್ಲಿಗೂ ಬಂತು. ಏನ್ ಮಾಡಿದ್ರಿ ಮಾರಾಯ್ರೆ ನೀವು?"

ಮಾವ ನನ್ನ ಕಡೆ ತಿರುಗಿದರು. ಅವರ ಎರಡೂ ಅಂಗೈ ನೀಲಿಯಾಗಿದ್ದವು. "ದಿಟ ಕಣವ್ವ. ಒಂದು ಕಡೆ ಹಾಕಿದ್ದು ಎಲ್ಲಾ ಕಡೆಗೂ ಬಂತು. ಕೇಳ್ದೆ ಇದ್ದೋರ ಮನೆಗೂ ಬಂತು." ಆಮೇಲೆ ಸೇರಿದ್ದ ಜನರನ್ನು ಉದ್ದೇಶಿಸಿ, ರಕ್ತ ಸಂಚಾರ, ಕೊಬ್ಬಿನಲ್ಲಿ ಔಷಧಿ ಇಂಗುವ ಬಗೆ, ಊದಿದ ಕೀಲಿನ ಲೀಕೇಜು ಇವುಗಳ ಮೇಲೆ ಸ್ಪಷ್ಟವಾದ ಒಂದು ಉಪನ್ಯಾಸವನ್ನೇ ಕೊಟ್ಟರು. ನಮ್ಮ ಬಳಗದ ಸಭೆಗಳಲ್ಲಿ ಇಷ್ಟು ಜನ ಇಷ್ಟು ಏಕಾಗ್ರತೆಯಿಂದ ಕೇಳಿದ್ದನ್ನು ನಾನು ಕಂಡಿಲ್ಲ. ಮನೆಗೆ ಹೋದರೂ ಕುಡಿಯಲು ನೀರಿಲ್ಲವಾದ್ದರಿಂದ ಯಾರೂ ಎದ್ದು ಹೋಗುವ ಹಾಗೂ ಇರಲಿಲ್ಲ.

ಅಂದಿನ ಸೂಜಿ ಹೊಟ್ಟೆಗೇ ಬಿದ್ದಿತು. ಟವೆಲ್ಲುಗಳು ಬಟ್ಟೆಯ ಹಗ್ಗಕ್ಕೆ ಮರಳಿದವು. ಆಮೇಲೆ ಉಳಿದದ್ದು ಬರಿಯ ಕಾಯುವಿಕೆ. ಕಾಯುವುದು ಮಾವನಿಗೆ ಬರುವ ವಿದ್ಯೆಯಲ್ಲ. ಆದರೂ ಕಾದರು. ವಾರ ವಾರವೂ ಜಾಗ ಬದಲಿಸಿ ಸೂಜಿ ಹಾಕಿದರು, ಮುಷ್ಟಿ ಕಟ್ಟು ಎಂದು ಕೇಳುವುದನ್ನು ಬಿಟ್ಟರು. ಕೇಳಿದಾಗಲೆಲ್ಲ ಅತ್ತೆಯ ಮುಖ ಸಣ್ಣಗಾಗುವುದನ್ನು ಅವರು ಯಾವಾಗಲೋ ಗಮನಿಸಿರಬೇಕು. ಹೂ ಉದುರಿ ಸಣ್ಣ ಕಾಯಿ ಕಚ್ಚಿತು. ಹಾಸನದಲ್ಲಿ ಡಾಕ್ಟರಮ್ಮ ಗೆಣ್ಣುಗಳನ್ನು ಒತ್ತಿ ನೋಡಿ ಊತ ಇಳಿಯುತ್ತಿದೆ ಎಂದರು. ಮಾವ ಬಸ್ಸಿನಲ್ಲಿ ಸಕಲೇಶಪುರದವರೆಗೂ ಅತ್ತೆಯ ಚೀಲವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಮುಂಗಾರು ಇನ್ನೇನು ಹಿಡಿಯಬೇಕು ಎಂಬಂಥ ಒಂದು ಬೆಳಿಗ್ಗೆ ನಾನು ಅಲ್ಲಿದ್ದೆ. ಪುಟ್ಟಮ್ಮಕ್ಕ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನೀಲಿ ಇಡ್ಲಿಯ ವಿಚಾರದಲ್ಲಿ ಅವರಿಗಿದ್ದ ಕೋಪ ಇಳಿದಿತ್ತು. ಎದ್ದು ಹೋಗುವಾಗ, ಮೆಟ್ಟಿಲ ಮೇಲೆ ಕೂತಿದ್ದ ಮಾವನನ್ನು ನೋಡಿ ಅತ್ತೆಗೆ, "ಏನೇ ಅನ್ನಕ್ಕ, ನಿಮ್ಮ ಯಜಮಾನ್ರಂಗೆ ಹೆಂಡ್ತೀನ ನೋಡ್ಕಳೋ ಗಂಡಸ್ನ ಈ ಸುತ್ತಿನಾಗೆ ನಾನು ಕಂಡಿಲ್ಲ. ಒಂದು ಭಾನುವಾರನೂ ತಪ್ಪಿಸ್ಲಿಲ್ವಲ್ಲ," ಎಂದು ಹೇಳಿ ಹೋದರು.

ಪುಟ್ಟಮ್ಮಕ್ಕ ಬೇಲಿ ದಾಟುವವರೆಗೂ ಅತ್ತೆ ನೋಡಿದರು. ಆಮೇಲೆ ಬಂದು ಮಾವನ ಎದುರಿಗೆ ನಿಂತರು. ಬೈಯುವುದಕ್ಕೇ ಬಂದರೆಂದು ಮಾವ ಅಭ್ಯಾಸಬಲದಿಂದ ಮುಖವೆತ್ತಿದರು. ಅತ್ತೆ ಎರಡೂ ಅಂಗೈಗಳನ್ನು ಆ ಮುಖದ ಮುಂದೆ ಹಣೆಯಿಂದ ಗಲ್ಲದವರೆಗೆ ಮೆಲ್ಲಗೆ ಇಳಿಸಿ, ಬೆರಳುಗಳನ್ನು ಮಡಚಿ, ತಮ್ಮ ಕಿವಿಗಳ ಪಕ್ಕಕ್ಕೆ ಒತ್ತಿಕೊಂಡು ನೆಟಿಕೆ ತೆಗೆದರು. ಮಡಚಬೇಕೆಂದು ಮಡಚಿದ್ದಲ್ಲ. ಮಡಚಿದ ಮೇಲೆಯೇ ಅವರಿಗೂ ತಿಳಿದದ್ದು. ಎಲ್ಲ ಬೆರಳುಗಳೂ ಸದ್ದು ಮಾಡಲಿಲ್ಲ. ಎಲ್ಲೋ ಒಂದು ಗೆಣ್ಣು, ಒಣಗಿದ ಕಡ್ಡಿ ಮುರಿದಷ್ಟು ಸಣ್ಣಗೆ, ಲಟಕ್ಕೆಂದಿತು.

ಕಣ್ಣುದೃಷ್ಟಿ ಎಂಬುದು ಬರಿಯ ಭ್ರಮೆಯೆಂದು ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಸಲ ವಾದಿಸಿದವಳು ನಾನು. ಅದಕ್ಕೆ ಬೇಕಾದ ಆಧಾರಗಳೆಲ್ಲ ಬಾಯಿಪಾಠವಿವೆ. ಅವುಗಳಲ್ಲಿ ಒಂದೂ ನನಗೆ ಅಲ್ಲಿ ಬೇಕೆನಿಸಲಿಲ್ಲ.

ಅತ್ತೆ ಕೈಗಳನ್ನು ಇಳಿಸದೆ, ಮುಷ್ಟಿಗಳನ್ನು ಬಿಡಿಸದೆ, ಹಾಗೆಯೇ ನಿಂತಿದ್ದರು. ಮಾವ ಕಣ್ಣು ಮುಚ್ಚಿಕೊಂಡು, ಮುಖವನ್ನು ಇನ್ನಷ್ಟು ಮುಂದಕ್ಕೆ ಚಾಚಿ, ಮೆಲ್ಲಗೆ ಹೇಳಿದರು:

"ಇನ್ನೊಂದ್ಸಲ ತೆಗಿ."